ಯಾರ ಚಿತ್ತ ನೆರವೇರಬೇಕು? ಥೆಲೆಮಾದಲ್ಲಿ ಮನುಷ್ಯ ಮತ್ತು ದೈವ

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತವು ನೆರವೇರಲಿ’ ಎಂಬ ಮಾತು ಬರುತ್ತದೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಆ ಚಿತ್ತಕ್ಕಿರುವ ಪದ ‘ಥೆಲೆಮಾ’. ಅಲ್ಲಿ ಅದು ಪರಲೋಕದ ತಂದೆಯ ಚಿತ್ತ. ಮನುಷ್ಯನ ಪಾಲಿಗೆ ಉಳಿಯುವುದು ತಲೆಬಾಗುವುದೊಂದೇ. ಅಲಿಸ್ಟರ್ ಕ್ರೌಲಿ (1875–1947) ಕಟ್ಟಿದ ಧರ್ಮದ ಹೆಸರೂ ಇದೇ. ಪ್ಲಿಮತ್ ಬ್ರೆದ್ರನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ಮನೆಯಲ್ಲಿ ಬೈಬಲ್ ಓದುತ್ತಲೇ ಬೆಳೆದವನಿಗೆ ಈ ಪದದ ಹುಟ್ಟೂರು ಚೆನ್ನಾಗಿಯೇ ಗೊತ್ತಿತ್ತು. ಅವನು ಹೇಳಿದ ಸೂತ್ರ: ನಿನ್ನ ಚಿತ್ತದಂತೆ ನಡೆ, ನಿಯಮವೆಂಬುದು ಇಷ್ಟೇ. ‘ನಿನ್ನ’ ಎಂದರೆ ಯಾರ ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ಧರ್ಮ ನಿಂತಿದೆ.

ಕನ್ನಡದಲ್ಲಿ ಬರೆಯಲು ಕೂತರೆ ಮೊದಲ ತೊಡಕು ಈ ಪದದ್ದೇ. ‘ಇಚ್ಛೆ’ ಎಂದರೆ ಬಯಕೆಯ ಕಡೆಗೆ ಜಾರುತ್ತದೆ. ‘ಸಂಕಲ್ಪ’ ಎಂದರೆ ಪುರೋಹಿತರ ಮುಂದೆ ಕೂತು ನೀರು ಬಿಟ್ಟು ಮಾಡಿಕೊಳ್ಳುವಂಥದ್ದು, ಅಂದರೆ ನಾವಾಗಿ ಕೈಗೊಳ್ಳುವ ನಿರ್ಧಾರ. ಥೆಲೆಮಾ ಹೇಳುವುದು ಮೊದಲೇ ಇರುವ, ಕಂಡುಕೊಳ್ಳಬೇಕಾದ ಒಂದನ್ನು. ಯೋಗಸೂತ್ರದ ‘ಚಿತ್ತ’ಕ್ಕೆ ಬೇರೆಯೇ ಅರ್ಥವಿದೆ, ನಿಜ, ಆದರೂ ಕನ್ನಡ ಬೈಬಲ್ಲಿನ ‘ಚಿತ್ತ’ವೇ ಇದ್ದುದರಲ್ಲಿ ಹತ್ತಿರ. ಆದ್ದರಿಂದ ಇಲ್ಲಿ ‘ನಿಜಚಿತ್ತ’ ಎನ್ನೋಣ. ಸಂಸ್ಕೃತದಲ್ಲಿ ನಿಜ ಎಂದರೆ ತನ್ನದು, ಕನ್ನಡದ ಬಳಕೆಯಲ್ಲಿ ದಿಟವಾದದ್ದು. ನಮಗೆ ಎರಡೂ ಅರ್ಥ ಬೇಕು.

ಥೆಲೆಮಾದ ಮೂಲಗ್ರಂಥ ‘ನಿಯಮದ ಪುಸ್ತಕ’ (ದ ಬುಕ್ ಆಫ್ ದ ಲಾ) ಹುಟ್ಟಿದ್ದು ಕೈರೋದಲ್ಲಿ, 1904ರ ಏಪ್ರಿಲ್ 8, 9 ಮತ್ತು 10ರಂದು. ಮೂರು ದಿನವೂ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಐವಾಸ್ ಎಂಬ ದನಿ ಹೇಳಿದ್ದನ್ನು ಬರೆದುಕೊಂಡೆ ಎನ್ನುವುದು ಕ್ರೌಲಿಯ ಹೇಳಿಕೆ. ದಿನಕ್ಕೊಂದು ಅಧ್ಯಾಯ, ಒಟ್ಟು 220 ವಾಕ್ಯ. ಅದಕ್ಕೆ ಕೆಲವು ದಿನ ಮುಂಚೆ ಹೆಂಡತಿ ರೋಸ್ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ತೋರಿಸಿದ ಒಂದು ಮರದ ಫಲಕ, ಅಂಖ್-ಅಫ್-ನ-ಖೊನ್ಸು ಎಂಬ ಪುರೋಹಿತನ ಶವಸಂಸ್ಕಾರದ ಫಲಕ, ಈ ಕಥೆಯ ಬೀಜ. ಅದರ ಮೇಲೆ ಬಿಲ್ಲಿನಂತೆ ಬಾಗಿದ ಆಕಾಶದೇವಿ, ರೆಕ್ಕೆಯ ಸೂರ್ಯಬಿಂಬ, ಸಿಂಹಾಸನದ ಮೇಲೆ ಗಿಡುಗನ ತಲೆಯ ದೇವರು ಇದ್ದಾರೆ. ಪುಸ್ತಕದ ಮೂರು ಅಧ್ಯಾಯಗಳಲ್ಲಿ ಮಾತಾಡುವವರು ಇವರೇ: ನುಯಿಟ್, ಹಡಿಟ್, ರಾ-ಹೂರ್-ಖುಯಿಟ್.

ನುಯಿಟ್ ಎಂದರೆ ಎಲ್ಲೆಯಿಲ್ಲದ ಆಕಾಶ, ಆಗಬಹುದಾದದ್ದೆಲ್ಲ. ಹಡಿಟ್ ಎಂದರೆ ಉದ್ದ ಅಗಲವಿಲ್ಲದ ಬಿಂದು, ಅದನ್ನೆಲ್ಲ ಕಾಣುವ ಕಣ್ಣು. ಅವಳು ಎಲ್ಲೂ ಸಿಗದ ಪರಿಧಿ, ಅವನು ಎಲ್ಲೆಲ್ಲೂ ಇರುವ ಕೇಂದ್ರ. ಬಿಂದುವಿಗೂ ಆಕಾಶಕ್ಕೂ ಆಗುವ ಒಂದೊಂದು ಕೂಟವೂ ಒಂದೊಂದು ಅನುಭವ. ಅಂಥ ಅನುಭವಗಳ ಸರಮಾಲೆಯೇ ಒಬ್ಬ ಮನುಷ್ಯ. ‘ಪ್ರತಿ ಗಂಡಸೂ ಪ್ರತಿ ಹೆಂಗಸೂ ಒಂದು ನಕ್ಷತ್ರ’ ಎಂಬ ಮೊದಲ ಅಧ್ಯಾಯದ ಮೂರನೇ ವಾಕ್ಯವನ್ನು ಬರಿಯ ಹೊಗಳಿಕೆ ಎಂದು ಓದಬಾರದು. ಪ್ರತಿಯೊಬ್ಬರಲ್ಲೂ ಒಂದು ಕೇಂದ್ರವಿದೆ, ಆ ಕೇಂದ್ರ ದೈವವೇ ಎಂಬುದು ಅದರ ನೇರ ಅರ್ಥ. ಎರಡನೇ ಅಧ್ಯಾಯದ ಎಂಟನೇ ವಾಕ್ಯ ಇನ್ನೂ ಖಾರವಾಗಿದೆ. ನನ್ನನ್ನು ಪೂಜಿಸಿದವರು ತಪ್ಪು ಮಾಡಿದರು, ಏಕೆಂದರೆ ಪೂಜೆ ಮಾಡುವವನೇ ನಾನು ಎನ್ನುತ್ತಾನೆ ಹಡಿಟ್. ನೋಡುವ ಕಣ್ಣು ತನ್ನನ್ನೇ ಎದುರಿಗಿಟ್ಟುಕೊಂಡು ಕೈಮುಗಿಯುವುದು ಹೇಗೆ?

ಇಷ್ಟು ಕೇಳಿದ ಕೂಡಲೇ ನಮ್ಮವರ ಬಾಯಿಗೆ ಬರುವ ಮಾತು, ‘ಓ, ಇದು ಅದ್ವೈತ’. ಪೂರ್ತಿ ಹಾಗಲ್ಲ. ಅದ್ವೈತದಲ್ಲಿ ಜೀವಜೀವರ ಭೇದ ಕೊನೆಗೆ ಮಿಥ್ಯೆ. ಇಲ್ಲಿ ನುಯಿಟ್ ತಾನು ಹೋಳಾದದ್ದೇ ಪ್ರೀತಿಗಾಗಿ, ಮತ್ತೆ ಕೂಡುವ ಸುಖಕ್ಕಾಗಿ ಎನ್ನುತ್ತಾಳೆ. ಭೇದ ಇಲ್ಲಿ ಭ್ರಮೆಯಲ್ಲ, ಆಟದ ಅಂಗಳ. ಪ್ರತಿ ಜೀವಕ್ಕೂ ತನ್ನದೇ ಸ್ವರೂಪವಿದೆ, ಅದು ಇನ್ನೊಂದರಂತಲ್ಲ ಎನ್ನುವಲ್ಲಿ ಥೆಲೆಮಾ ವಿಚಿತ್ರವಾಗಿ ಮಧ್ವರ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಆದರೆ ಜೀವ ಎಂದೆಂದಿಗೂ ಪರತಂತ್ರ ಎಂದರೆ ಅಲ್ಲಿಂದ ಎದ್ದು ಹೋಗುತ್ತದೆ. ಕ್ರೌಲಿ ಇದನ್ನು ಸೊನ್ನೆ ಸಮ ಎರಡು ಎಂಬ ಲೆಕ್ಕದಲ್ಲಿ ಬರೆದ. ಒಂದು ಮತ್ತು ಋಣ ಒಂದನ್ನು ಕೂಡಿದರೆ ಸೊನ್ನೆ. ಹಾಗೆಯೇ ಸೊನ್ನೆಯನ್ನು ಬಿಡಿಸಿದರೆ ಎದುರುಬದುರಾದ ಎರಡು. ಜಗತ್ತಿನ ಮೂಲ ‘ಒಂದು’ ಎಂದರೆ ಆ ಒಂದು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯುತ್ತದೆ, ಸೊನ್ನೆ ಎಂದರೆ ಉಳಿಯುವುದಿಲ್ಲ ಎಂಬುದು ಅವನ ವಾದ.

ಹೆಚ್ಚಿನವರು ಎಡವುವುದು ಚಿತ್ತದ ವಿಷಯದಲ್ಲಿ. ‘ಮನಸ್ಸಿಗೆ ಬಂದದ್ದನ್ನು ಮಾಡು’ ಎಂದು ಓದಿಕೊಂಡು ಕೆಲವರು ಕುಣಿದರು, ಕೆಲವರು ಬೈದರು. ಮೊದಲ ಅಧ್ಯಾಯದಲ್ಲೇ ಇದಕ್ಕೆ ಬೀಗವಿದೆ: ನಿನ್ನ ಚಿತ್ತದಂತೆ ನಡೆಯುವುದನ್ನು ಬಿಟ್ಟು ನಿನಗೆ ಬೇರೆ ಹಕ್ಕೇ ಇಲ್ಲ. ನಕ್ಷತ್ರಕ್ಕೆ ಕಕ್ಷೆ ಇರುವ ಹಾಗೆ ಪ್ರತಿಯೊಬ್ಬರಿಗೂ ಒಂದು ದಾರಿ. ಅದರಲ್ಲಿ ಸಾಗುವವನಿಗೆ ಜಗತ್ತಿನ ಚಲನೆಯೇ ಒತ್ತಾಸೆ, ಬಿಟ್ಟು ಹೊರಳಿದವನಿಗೆ ಡಿಕ್ಕಿ. ಮುಂದುವರಿದು, ಉದ್ದೇಶದ ಭಾರವಿಲ್ಲದ, ಫಲದ ಆಸೆಯಿಂದ ಬಿಡುಗಡೆಯಾದ ಶುದ್ಧ ಚಿತ್ತವೇ ಎಲ್ಲ ರೀತಿಯಲ್ಲೂ ಪೂರ್ಣ ಎಂಬ ಮಾತು ಬರುತ್ತದೆ. ಗೀತೆ ಓದಿದವರಿಗೆ ಇದು ಹೊಸದೇನಲ್ಲ. ವ್ಯತ್ಯಾಸ ಇರುವುದು ಸ್ವಧರ್ಮ ಎಲ್ಲಿಂದ ಸಿಗುತ್ತದೆ ಎಂಬುದರಲ್ಲಿ. ಥೆಲೆಮಾದಲ್ಲಿ ಹುಟ್ಟು, ಕುಲ, ಗುರು ಯಾರೂ ಅದನ್ನು ಹೇಳಿಕೊಡಲಾರರು. 1941ರಲ್ಲಿ ಕ್ರೌಲಿ ಮನುಷ್ಯನ ಹಕ್ಕುಗಳನ್ನು ಸಾರುವ ಒಂದು ಪುಟದ ಘೋಷಣೆ ಹೊರಡಿಸಿದ. ಅದರಲ್ಲಿರುವ ‘ಮನುಷ್ಯನಲ್ಲದೆ ದೇವರಿಲ್ಲ’ ಎಂಬ ಸಾಲನ್ನು ನಾಸ್ತಿಕವಾದವೆಂದೂ ಓದಬಹುದು, ಅಹಂಕಾರವೆಂದೂ ಓದಬಹುದು. ಎರಡೂ ಅವಸರದ ಓದು. ಅಲ್ಲಿನ ‘ಮನುಷ್ಯ’ ಬೆಳಗ್ಗೆ ಎದ್ದು ಕನ್ನಡಿ ನೋಡುವ ವ್ಯಕ್ತಿಯಲ್ಲ, ಆ ವ್ಯಕ್ತಿಯನ್ನು ಅಂಗಿಯಂತೆ ತೊಟ್ಟ ನಕ್ಷತ್ರ. ಅಂಗಿಯೇ ತಾನೆಂದುಕೊಂಡು ‘ನಾನೇ ದೇವರು’ ಎಂದರೆ ಅದು ಈ ದಾರಿಯ ಅತ್ಯಂತ ಹಳೆಯ ರೋಗ.

ದಿನಕ್ಕೆ ನಾಲ್ಕು ಸಲ, ಊಟಕ್ಕೆ ಮುಂಚೆ ಒಂದು ಸಲ

ತತ್ವ ಇಷ್ಟು ಎತ್ತರದ್ದಾದರೂ ಸಾಧನೆ ಶುರುವಾಗುವುದು ಗಡಿಯಾರದಿಂದ. ಸೂರ್ಯನಿಗೆ ಈಜಿಪ್ಟಿನ ದೇವತೆಗಳ ಹೆಸರಿನಲ್ಲಿ ನಾಲ್ಕು ಹೊತ್ತಿನ ವಂದನೆ: ಉದಯಕ್ಕೆ ಪೂರ್ವಕ್ಕೆ ಮುಖ ಮಾಡಿ ರಾ, ನಡುಹಗಲಿಗೆ ದಕ್ಷಿಣಕ್ಕೆ ತಿರುಗಿ ಅಹಾಥೂರ್, ಅಸ್ತಕ್ಕೆ ಪಶ್ಚಿಮಕ್ಕೆ ತುಮ್, ನಡುರಾತ್ರಿಗೆ ಉತ್ತರಕ್ಕೆ ಖೆಫ್ರಾ. ನಿಂತು, ಗಟ್ಟಿಯಾಗಿ ಹೇಳಿ, ಕೊನೆಗೆ ತೋರುಬೆರಳನ್ನು ತುಟಿಗಿಟ್ಟು ಮೌನದ ಮುದ್ರೆ, ಆಮೇಲೆ ಧ್ಯಾನ. ಮಾತಿನಲ್ಲಿ ಒಂದು ಸೂಕ್ಷ್ಮವಿದೆ: ಬೆಳಗ್ಗೆ ವಂದಿಸುವವನು ‘ರಾತ್ರಿಯ ಮನೆಗಳಿಂದ’ ವಂದಿಸುತ್ತಾನೆ, ನಡುಹಗಲಲ್ಲಿ ‘ಬೆಳಗಿನ ಮನೆಗಳಿಂದ’. ಅಂದರೆ ತಾನು ದಾಟಿ ಬಂದ ಹೊತ್ತಿನಲ್ಲಿ ನಿಂತು ಮುಂದಿನದನ್ನು ಕರೆಯುವುದು.

ತ್ರಿಕಾಲ ಸಂಧ್ಯಾವಂದನೆ ಕಂಡವರು ನಾಲ್ಕನೆಯದು ಏಕೆ ಎಂದು ಕೇಳಿಯೇ ಕೇಳುತ್ತಾರೆ. ಉತ್ತರದಲ್ಲಿ ಥೆಲೆಮಾದ ಯುಗಗಳ ಲೆಕ್ಕವೇ ಅಡಗಿದೆ. ಐಸಿಸ್ ಎಂಬ ತಾಯಿಯ ಯುಗದಲ್ಲಿ ದೈವವೆಂದರೆ ಉಣಿಸುವ ಪ್ರಕೃತಿ. ಒಸಿರಿಸ್ ಎಂಬ ತಂದೆಯ ಯುಗದಲ್ಲಿ ಸತ್ತು ಎದ್ದುಬರುವ ದೇವರು. ಸೂರ್ಯ ದಿನವೂ ಸಾಯುತ್ತಾನೆ ಎಂಬ ಭಯ, ಅದನ್ನು ತಡೆಯಲು ಬಲಿ ಮತ್ತು ಪಾಪನಿವೇದನೆ. 1904ರಿಂದ ಹೋರಸ್ ಎಂಬ ಮಗುವಿನ ಯುಗ. ಸೂರ್ಯ ಸಾಯುವುದೇ ಇಲ್ಲ, ತಿರುಗುವುದು ಭೂಮಿ ಎಂದು ಈಗ ಗೊತ್ತು. ನಡುರಾತ್ರಿಯಲ್ಲಿ, ಕಾಣದ ಸೂರ್ಯನಿಗೆ ವಂದಿಸುವುದು ಈ ತಿಳಿವನ್ನು ಮೈಗೂಡಿಸುವ ಉಪಾಯ. ಇಲ್ಲಿ ದೈವದ ಎದುರು ಮನುಷ್ಯನದು ಅಪರಾಧಿಯ ಪಾತ್ರವಲ್ಲ, ಬೆಳೆಯುವ ಮಗುವಿನ ಪಾತ್ರ.

ಆಚರಣೆಯಲ್ಲಿ ಕೆಡುವುದು ಎಲ್ಲಿ? ಮೊದಲನೆಯದು ಗಡಿಯಾರದ ಹನ್ನೆರಡನ್ನೇ ನಡುಹಗಲು ಎಂದುಕೊಳ್ಳುವುದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಲಂಡನ್ನಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಒಂದರ ಆಸುಪಾಸಿನಲ್ಲಿ. ಬೆಂಗಳೂರಿನಲ್ಲಿ ಸರಾಸರಿ ಹನ್ನೆರಡು ಇಪ್ಪತ್ತಕ್ಕೆ, ಋತುವಿನ ಪ್ರಕಾರ ಕಾಲು ಗಂಟೆ ಆಚೀಚೆ. ಎರಡನೆಯದು, ತಪ್ಪಿದ ವಂದನೆಯನ್ನು ಡೈರಿಯಲ್ಲಿ ಬರೆಯದೆ ಬಿಡುವುದು. ತಪ್ಪಿದರೆ ದೋಷವಿಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಬರೆಯದಿದ್ದರೆ ಮಾತ್ರ ಸಾಧನೆಯೇ ಹಾಳು. 1907ರಲ್ಲಿ ಜಾರ್ಜ್ ಸೆಸಿಲ್ ಜೋನ್ಸ್ ಜೊತೆ ಸೇರಿ ಕ್ರೌಲಿ ಕಟ್ಟಿದ ‘ಎ∴ಎ∴’ ಎಂಬ ಸಾಧಕರ ಬಳಗದಲ್ಲಿ ಹೊಸಬನ ಮೊದಲ ವರ್ಷದ ಕೆಲಸ ಮುಖ್ಯವಾಗಿ ಇದೇ: ತಾರೀಖು, ಹೊತ್ತು, ಮೈಯ ಸ್ಥಿತಿ, ಮಾಡಿದ ಅಭ್ಯಾಸ, ಎಷ್ಟು ನಿಮಿಷ, ಮನಸ್ಸು ಎಷ್ಟು ಸಲ ತಪ್ಪಿಸಿಕೊಂಡಿತು ಎಂದು ಆಗಿಂದಾಗಲೇ ಬರೆಯುವುದು. ಮೇಲಿನ ಮೆಟ್ಟಿಲಿನ ಆಸನಪರೀಕ್ಷೆಯಲ್ಲಿ ಅಂಚಿನವರೆಗೆ ನೀರು ತುಂಬಿದ ಬಸಿಯನ್ನು ತಲೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂರಬೇಕು, ಒಂದು ಹನಿಯೂ ಚೆಲ್ಲಬಾರದು. ಕ್ರೌಲಿ ಯೋಗ ಕಲಿತದ್ದು 1901ರಲ್ಲಿ ಸಿಂಹಳದಲ್ಲಿ, ಗೆಳೆಯ ಅಲನ್ ಬೆನೆಟ್‌ನ ಬಳಿ. ಪರೀಕ್ಷೆಯ ಈ ಒರಟುತನದಲ್ಲಿ ಮಾತ್ರ ಪರ್ವತಾರೋಹಿಯೂ ಆಗಿದ್ದ ಅವನ ಕೈ ಕಾಣುತ್ತದೆ.

ಊಟಕ್ಕೆ ಮುಂಚಿನ ಪದ್ಧತಿ ಚಿಕ್ಕದು, ಆದರೆ ಇಡೀ ತತ್ವ ಅದರಲ್ಲಿದೆ. ಒಬ್ಬರು ಮೇಜಿಗೆ ತಟ್ಟಿ ಸೂತ್ರ ಹೇಳುತ್ತಾರೆ. ಎದುರಿನವರು ಕೇಳುತ್ತಾರೆ: ನಿನ್ನ ಚಿತ್ತವೇನು? ‘ಉಣ್ಣುವುದು, ಕುಡಿಯುವುದು ನನ್ನ ಚಿತ್ತ.’ ಯಾತಕ್ಕಾಗಿ? ‘ಮೈಗೆ ಬಲ ಬರಲೆಂದು.’ ಯಾತಕ್ಕಾಗಿ? ‘ಮಹಾಕಾರ್ಯ (ಅಂದರೆ ಸಾಧನೆಯ ಪರಮ ಗುರಿ) ಸಾಧಿಸಲೆಂದು.’ ಪ್ರೀತಿಯೇ ನಿಯಮ, ಚಿತ್ತಕ್ಕೆ ಒಳಪಟ್ಟ ಪ್ರೀತಿ ಎಂದು ಮುಗಿಸಿ ಊಟಕ್ಕೆ ಕೈ ಹಾಕುತ್ತಾರೆ. ಇದರಲ್ಲಿ ಅನ್ನದಾತನಿಗೆ ಕೃತಜ್ಞತೆಯ ಮಾತು ಒಂದೂ ಇಲ್ಲ. ಬದಲಿಗೆ ‘ಯಾತಕ್ಕಾಗಿ’ ಎಂಬ ಪ್ರಶ್ನೆ ಎರಡು ಸಲ ಬರುತ್ತದೆ.

ಭಕ್ತಿಗೂ ಒಂದು ಅವಧಿ

ನಾನೇ ನಕ್ಷತ್ರ ಎಂದಮೇಲೆ ದೇವರಿಗೆ ಕೈಮುಗಿಯುವುದೇಕೆ ಎಂದು ಕೇಳಿದರೆ, ಮೆಟ್ಟಿಲು ಹತ್ತಲು ಎನ್ನುತ್ತಾರೆ ಥೆಲೆಮಾದವರು. ಬಳಗದ ಒಂದು ಹಂತದಲ್ಲಿ ಭಕ್ತಿಯೇ ಕಡ್ಡಾಯ ಪಾಠ. ಅಸ್ಟಾರ್ಟೆ ದೇವಿಯ ಹೆಸರಿನ 175ನೇ ಕಿರುಗ್ರಂಥ ಅದರ ಕೈಪಿಡಿ. ಯಾವುದಾದರೂ ಒಂದು ದೇವತೆಯನ್ನು ಆರಿಸಿಕೊಂಡು ಏಳು ಭಾವಗಳ ಸ್ತೋತ್ರವನ್ನು ತಾನೇ ಕಟ್ಟಬೇಕು. ಒಡೆಯನ ಮುಂದೆ ಆಳಿನ ಹಾಗೆ ಬೆರಗು, ದೊರೆಯ ಮುಂದೆ ಸಾಮಂತನ ನಿಷ್ಠೆ, ಹೆತ್ತವರ ಮುಂದೆ ಮಗುವಿನ ಅವಲಂಬನೆ, ದೇವರ ಮುಂದೆ ಅರ್ಚಕನ ಆರಾಧನೆ, ಅಣ್ಣತಮ್ಮಂದಿರ ವಿಶ್ವಾಸ, ಗೆಳೆಯರ ಸಲುಗೆ, ಕೊನೆಗೆ ಪ್ರಿಯತಮೆಯ ಮುಂದೆ ಪ್ರೇಮಿಯ ತೀವ್ರತೆ. ದಾಸ್ಯ, ಸಖ್ಯ, ಮಧುರ ಎಂದು ನಮ್ಮಲ್ಲಿ ಹೇಳುವುದಕ್ಕೆ ಇದು ತೀರ ಹತ್ತಿರ. ವಾತ್ಸಲ್ಯ ಮಾತ್ರ ತಿರುಗಿ ನಿಂತಿದೆ: ಹರಿದಾಸರ ಹಾಡಿನಲ್ಲಿ ಭಕ್ತ ತಾಯಿಯಾಗಿ ಕೃಷ್ಣನನ್ನು ತೊಟ್ಟಿಲಲ್ಲಿ ತೂಗುತ್ತಾನೆ, ಇಲ್ಲಿ ಭಕ್ತನೇ ಮಗು.

ಆಯ್ಕೆಗೆ ಸಲಹೆಯೂ ಉಂಟು. ಶನಿಯಂಥ ಬಿಗಿಮುಖದ, ಈಜಿಪ್ಟಿನ ಥಾತ್‌ನಂಥ ಬರಿ ಬುದ್ಧಿಯ ದೇವತೆಗಳಿಗೆ ಈ ಪದ್ಧತಿ ಅಷ್ಟಾಗಿ ಒಗ್ಗದು. ಪ್ರೀತಿಯ ಅಂಶವಿರುವವರೇ ಆಗಬೇಕು. ಅಪಾಯ ಎರಡು. ಅರೆಮನಸ್ಸಿನಿಂದ ಮಾಡಿದರೆ ಅದು ನಾಟಕವಾಗಿ ಉಳಿಯುತ್ತದೆ. ಮನಸಾರೆ ಮಾಡಿದರೆ ಈ ದೇವತೆಯೇ ಪರಮ, ಉಳಿದದ್ದೆಲ್ಲ ಸುಳ್ಳು ಎಂಬ ಹುಚ್ಚು ಹಿಡಿಯಬಹುದು. ಆರಿಸಿಕೊಂಡ ದೇವತೆ ಅಖಂಡದ ಒಂದು ಮುಖ ಮಾತ್ರ ಎಂಬ ನೆನಪು ಒಳಗೆಲ್ಲೋ ಉಳಿದಿರಬೇಕು. ಪೂರ್ತಿ ಕರಗು, ಆದರೆ ಕರಗುತ್ತಿದ್ದೇನೆಂದು ಮರೆಯಬೇಡ ಎಂದ ಹಾಗಾಯಿತು. ಕಷ್ಟವೇ.

ಕಾವಲು ದೇವದೂತ

ವ್ಯಕ್ತಿ ಮತ್ತು ದೈವದ ಸಂಬಂಧಕ್ಕೆ ಥೆಲೆಮಾ ಕೊಟ್ಟ ನಿಜವಾದ ಹೆಸರು ‘ಪವಿತ್ರ ಕಾವಲು ದೇವದೂತ’. ಪ್ರತಿಯೊಬ್ಬರಿಗೂ ಒಬ್ಬನೇ, ಅವರವರಿಗೇ ಸೇರಿದವನು. ಅವನ ಅರಿವು ಮತ್ತು ಅವನೊಡನೆ ಮಾತುಕತೆ, ಇದಿಲ್ಲದೆ ಉಳಿದ ಮಂತ್ರತಂತ್ರವೆಲ್ಲ ವ್ಯರ್ಥ ಎನ್ನುವಷ್ಟು ಇದು ಮುಖ್ಯ. ಪದ ಬಂದದ್ದು ಅಬ್ರಮೆಲಿನ್ ಎಂಬ ಋಷಿಯ ಹೆಸರಿನ ಹಳೆಯ ಮಂತ್ರಗ್ರಂಥದಿಂದ. 19ನೇ ಶತಮಾನದ ಕೊನೆಯಲ್ಲಿ ಮೆಕ್‌ಗ್ರೆಗರ್ ಮ್ಯಾಥರ್ಸ್ ಪ್ಯಾರಿಸ್ಸಿನ ಫ್ರೆಂಚ್ ಹಸ್ತಪ್ರತಿಯಿಂದ ಇಂಗ್ಲಿಷಿಗೆ ತಂದ. ಆ ಪ್ರತಿಯಂತೆ ಆರು ತಿಂಗಳ ಏಕಾಂತ, ಜರ್ಮನ್ ಪ್ರತಿಗಳಲ್ಲಿ ಹದಿನೆಂಟು ತಿಂಗಳು. ಪ್ರಾರ್ಥನಾ ಕೋಣೆಯಿಂದ ಹೊರಜಗಲಿಗೆ ಬಾಗಿಲು, ಜಗಲಿಯ ಮೇಲೆ ಎರಡು ಬೆರಳು ದಪ್ಪ ನದಿಮರಳು. ದೇವದೂತ ಬರುವುದು ಕೋಣೆಯೊಳಗೆ. ದುಷ್ಟಶಕ್ತಿಗಳನ್ನು ಕರೆದು ಕಟ್ಟಿಹಾಕುವುದು ಆಮೇಲೆ, ಹೊರಗೆ, ಆ ಮರಳಿನ ಮೇಲೆ. ಈ ಕ್ರಮ ತಿರುವುಮುರುವು ಮಾಡುವುದೇ ಅತಿ ದೊಡ್ಡ ತಪ್ಪು. ಒಳಗೆ ಯಜಮಾನ ಬಂದು ಕೂರುವ ಮೊದಲೇ ಆಳುಗಳನ್ನು ಕರೆದು ಕೆಲಸ ಹೇಳಲು ಹೊರಟ ಹಾಗೆ.

ಈ ವಿಧಿಯ ಅಭಿಷೇಕದ ಎಣ್ಣೆಯಲ್ಲೂ ಜನ ಎಡವುತ್ತಾರೆ. ಮ್ಯಾಥರ್ಸ್ ಪಾಠದಲ್ಲಿ ರಕ್ತಬೋಳ ಒಂದು ಪಾಲು, ದಾಲ್ಚಿನ್ನಿ ಎರಡು ಪಾಲು, ಶುಂಠಿಯ ಜಾತಿಯ ಗಲಂಗಲ್ ಬೇರು ಅರ್ಧ ಪಾಲು, ಇವೆಲ್ಲದರ ಅರ್ಧ ತೂಕದ ಆಲಿವ್ ಎಣ್ಣೆ. ಅದು ಒಣ ಸಾಮಗ್ರಿಯ ಲೆಕ್ಕ. ಕ್ರೌಲಿ ಬಟ್ಟಿ ಇಳಿಸಿದ ತೈಲಗಳಿಗೆ ಬದಲಾಯಿಸಿ ದಾಲ್ಚಿನ್ನಿ ತೈಲ 8, ಬೋಳ 4, ಗಲಂಗಲ್ 2, ಆಲಿವ್ 7 ಎಂದು ಮಾಡಿದ. ಇಷ್ಟು ಗಟ್ಟಿ ದಾಲ್ಚಿನ್ನಿ ತೈಲ ಚರ್ಮವನ್ನು ಸುಡುತ್ತದೆ. ಒಂದೇ ಹನಿ ಸಾಕು, ಕಣ್ಣಿನ ಹತ್ತಿರ ಬೇಡವೇ ಬೇಡ.

ಈ ವಿಧಿಗಾಗಿಯೇ ಕ್ರೌಲಿ 1899ರಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ದಡದ ಬೋಲ್‌ಸ್ಕಿನ್ ಮನೆ ಕೊಂಡ. ತಾನು ಸದಸ್ಯನಾಗಿದ್ದ ಗೋಲ್ಡನ್ ಡಾನ್ ಎಂಬ ಮಂತ್ರವಿದ್ಯೆಯ ಗುಪ್ತಸಂಘದ ಜಗಳಕ್ಕೆ ಓಡಿಹೋಗಿ ಅರ್ಧಕ್ಕೇ ಬಿಟ್ಟ. ಮತ್ತೆ ಹಿಡಿದದ್ದು ಚೀನಾ ದಾಟುವ ಪ್ರಯಾಣದಲ್ಲಿ. ಕೋಣೆಯಿಲ್ಲ, ಮರಳಿಲ್ಲ, ದಿನವೂ ಮನಸ್ಸಿನಲ್ಲೇ ಆವಾಹನೆ. ಸಿದ್ಧಿಸಿತೆಂದು ಅವನು ಬರೆದದ್ದು 1906ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಸರ್ರೆಯ ಒಂದು ಹೋಟೆಲಿನಲ್ಲಿ. ಅದೇ ಆವಾಹನೆಯನ್ನು 1921ರಲ್ಲಿ ಸಿಸಿಲಿಯ ಚೆಫಲೂವಿನಲ್ಲಿ ಶಿಷ್ಯ ಫ್ರಾಂಕ್ ಬೆನೆಟ್‌ಗಾಗಿ ‘ಸಾಮೆಖ್’ ಎಂಬ ಪಾಠವಾಗಿ ತಿದ್ದಿದ. ಲೆಕ್ಕ ಹೀಗೆ: ಒಂದು ತಿಂಗಳು ದಿನಕ್ಕೊಮ್ಮೆ, ಎರಡು ತಿಂಗಳು ಮುಂಜಾನೆ ಸಂಜೆ ಎರಡು ಸಲ, ಮೂರು ತಿಂಗಳು ನಡುಹಗಲೂ ಸೇರಿ ಮೂರು, ನಾಲ್ಕು ತಿಂಗಳು ನಡುರಾತ್ರಿಯೂ ಸೇರಿ ನಾಲ್ಕು, ಹನ್ನೊಂದನೆಯ ತಿಂಗಳು ಪೂರ್ತಿ ಇದಕ್ಕೇ ಮೀಸಲು.

ಪಾಠದ ವ್ಯಾಕರಣವನ್ನೇ ಗಮನಿಸಿ. ಮೂಲ ಒಂದು ಗ್ರೀಕ್–ಈಜಿಪ್ಷಿಯನ್ ಪಪೈರಸ್, ಅಲ್ಲಿ ಅದು ದೆವ್ವ ಬಿಡಿಸುವ ಮಂತ್ರ. ‘ನಿನ್ನನ್ನು ಕರೆಯುತ್ತೇನೆ, ಹುಟ್ಟಿಲ್ಲದವನೇ, ಭೂಮಿ ಆಕಾಶಗಳನ್ನು ಮಾಡಿದವನು ನೀನು’ ಎಂದು ಶುರು. ನಾಲ್ಕು ದಿಕ್ಕುಗಳಲ್ಲಿ ಅರ್ಥವಿಲ್ಲದ ಪ್ರಾಚೀನ ನಾಮಗಳ ಉಚ್ಚಾರ. ಆಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ‘ನಾನೇ ಅವನು, ಹುಟ್ಟಿಲ್ಲದ ಚೇತನ’. ಮಧ್ಯಮಪುರುಷ ಉತ್ತಮಪುರುಷವಾಗುವ ಆ ಒಂದು ತಿರುವಿಗೆ ಹನ್ನೊಂದು ತಿಂಗಳು. ಮೊದಲ ದಿನವೇ ‘ನಾನೇ ಅವನು’ ಎನ್ನಲು ಬಾಯಿಗೆ ಅಡ್ಡಿಯೇನಿಲ್ಲ, ಆದರೆ ‘ನೀನು’ ಎಂಬುದು ಕಾವೇರದೆ ‘ನಾನು’ ಬರಿಯ ಸದ್ದು.

ಹಾಗಾದರೆ ದೇವದೂತ ಬೇರೆ ಜೀವಿಯೇ, ನಮ್ಮದೇ ಮೇಲಿನ ಅಂಶವೇ? ಕ್ರೌಲಿಯ ಮೊದಲ ಬರಹಗಳಲ್ಲಿ ‘ಮೌನಿಯಾದ ಆತ್ಮ’ದಂಥ ಮಾತುಗಳು ಸಿಗುತ್ತವೆ. 1940ರ ದಶಕದಲ್ಲಿ ಶಿಷ್ಯೆಗೆ ಬರೆದ ಪತ್ರಗಳಲ್ಲಿ ಇದಕ್ಕೆ ವಿರುದ್ಧವಾಗಿ, ಅವನು ‘ಉನ್ನತ ಆತ್ಮ’ ಅಲ್ಲವೇ ಅಲ್ಲ, ಸ್ವತಂತ್ರ ವ್ಯಕ್ತಿ, ಪ್ರಾಯಶಃ ಮನುಷ್ಯ ಹಂತವನ್ನು ದಾಟಿದವನು ಎಂದ. ಅನುಯಾಯಿಗಳು ಇಂದಿಗೂ ಇದರಲ್ಲಿ ಎರಡು ಪಾಳೆಯ. ಬೇರೆಯವನು ಎಂದುಕೊಂಡು ಕೆಲಸ ಮಾಡುವುದೇ ಸುರಕ್ಷಿತ ಎಂಬುದು ನಮ್ಮ ಅಂದಾಜು. ‘ನನ್ನದೇ ಅಂಶ’ ಎಂದುಕೊಂಡವನಿಗೆ ತನ್ನ ಚಪಲವೂ ದೇವದೂತನ ದನಿಯಂತೆ ಕೇಳಿಸತೊಡಗುತ್ತದೆ. ಬಂದ ಮಾತು ಹೊಗಳುತ್ತಿದ್ದರೆ, ಸಾಧಕನಿಗೆ ಮೊದಲೇ ಬೇಕಿದ್ದುದನ್ನೇ ಹೇಳುತ್ತಿದ್ದರೆ ಅನುಮಾನಿಸಬೇಕು. ನಿದ್ದೆಗೆಟ್ಟ ಏಕಾಂತದಲ್ಲಿ ದನಿಗಳು ಅಪ್ಪಣೆ ಕೊಡತೊಡಗಿದರೆ ವಿಧಿ ನಿಲ್ಲಿಸಿ ವೈದ್ಯರನ್ನು ಕಾಣುವುದೇ ಸರಿ.

ದೇವದೂತನೂ ಕೊನೆಯಲ್ಲ. ಮುಂದೆ ‘ಪಾತಾಳ’ ಎಂಬ ಕಂದರ. ಅದನ್ನು ದಾಟುವಾಗ ಗಳಿಸಿದ್ದೆಲ್ಲ, ಗಳಿಸಿದ ‘ನಾನು’ ಸಹಿತ, ಬಾಬಲಾನ್ ದೇವಿಯ ಬಟ್ಟಲಿಗೆ ಸುರಿಯಬೇಕು. ಸ್ವಲ್ಪ ಹಿಡಿದಿಟ್ಟುಕೊಂಡವನ ಗತಿ ಕೆಟ್ಟದ್ದು. ಆ ಹಂತದವನ ಪ್ರತಿಜ್ಞೆಯ ಒಂದು ಸಾಲು ಹೀಗಿದೆ: ನಡೆಯುವ ಪ್ರತಿಯೊಂದನ್ನೂ ದೇವರು ನನ್ನ ಆತ್ಮದೊಡನೆ ನಡೆಸುವ ವಿಶೇಷ ವ್ಯವಹಾರವೆಂದು ಅರ್ಥೈಸುತ್ತೇನೆ. ತಪ್ಪಿದ ಬಸ್ಸು, ಹಲ್ಲುನೋವು, ಯಾರದೋ ಬೈಗುಳ, ಎಲ್ಲವೂ. ಇದನ್ನು ಹೊಸಬರು ಆಟವಾಗಿ ಹಿಡಿದರೆ ಎಲ್ಲದರಲ್ಲೂ ಶಕುನ ಕಾಣುವ ಕಾಯಿಲೆಯಾಗುತ್ತದೆ.

ಇಷ್ಟೆಲ್ಲ ಮೆಟ್ಟಿಲು ಹತ್ತದವರಿಗೂ ಒಂದು ಬಾಗಿಲಿದೆ. 1913ರಲ್ಲಿ ಮಾಸ್ಕೋದಲ್ಲಿ ಕ್ರೌಲಿ ಬರೆದ ‘ನಾಸ್ಟಿಕ್ ಮಾಸ್’ (ನಾಸ್ತಿಕ ಅಲ್ಲ, ಜ್ಞಾನಪಂಥದ ಎಂಬ ಅರ್ಥ) ಎಂಬ ಪೂಜೆಯನ್ನು ಥೆಲೆಮಾದವರ ಓಟಿಓ (ಓರ್ಡೊ ಟೆಂಪ್ಲಿ ಓರಿಯೆಂಟಿಸ್) ಸಂಸ್ಥೆಯ ಶಾಖೆಗಳಲ್ಲಿ ಇಂದಿಗೂ ನಡೆಸುತ್ತಾರೆ. ಪುರೋಹಿತ, ಪುರೋಹಿತೆ, ಡೀಕನ್ ಎಂಬ ಸಹಾಯಕ, ಇಬ್ಬರು ಮಕ್ಕಳ ಪಾತ್ರ. ಅದರ ವಿಶ್ವಾಸಪ್ರಮಾಣದಲ್ಲಿ ಒಂದು ವಿಚಿತ್ರ ತರ್ಕವಿದೆ: ಅನ್ನಪಾನ ದಿನವೂ ನಮ್ಮೊಳಗೆ ಚೈತನ್ಯವಾಗಿ ಬದಲಾಗುತ್ತಿರುವುದರಿಂದ ನಾನು ಪೂಜೆಯ ಪವಾಡವನ್ನು ನಂಬುತ್ತೇನೆ. ಕೊನೆಯಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ವೇದಿಕೆಯ ಬಳಿ ಹೋಗುತ್ತಾರೆ. ಚರ್ಚಿನ ಹಾಗೆ ಇಲ್ಲಿ ಯಾರೂ ನಾಲಿಗೆಯ ಮೇಲೆ ಚೂರು ಇಡುವುದಿಲ್ಲ. ಒಂದು ಇಡೀ ರೊಟ್ಟಿಬಿಲ್ಲೆಯನ್ನು ತಾವೇ ತೆಗೆದುಕೊಂಡು ತಿಂದು, ಒಂದು ಇಡೀ ಬಟ್ಟಲು ದ್ರಾಕ್ಷಾರಸ ಕುಡಿಯುತ್ತಾರೆ. ಆಮೇಲೆ ಜನರ ಕಡೆ ತಿರುಗಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು ಹೇಳುತ್ತಾರೆ: ‘ನನ್ನಲ್ಲಿ ದೇವತೆಗಳದ್ದಲ್ಲದ ಅಂಗ ಒಂದೂ ಇಲ್ಲ.’ ಅದೇ ಮಾತನ್ನು ಅವರಿಗಿಂತ ಸ್ವಲ್ಪ ಮೊದಲು ಪುರೋಹಿತನೂ ಹೇಳಿರುತ್ತಾನೆ. ಹೇಳಿದವರು ತಿರುಗಿ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಾರೆ, ಮುಂದಿನವರು ಬರುತ್ತಾರೆ.